ಅಧಿಸೂಚನೆಯ ಅಡಿಯಲ್ಲಿ ಕಳೆದುಹೋದ ವರ್ಷಗಳು

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ ಕೆ.ಆರ್. ಮಾರುಕಟ್ಟೆಯ ನೆಲದಡಿಯಿಂದ ಹೊರಟು ವಿಶ್ವೇಶ್ವರಪುರಂ ಅಂಚಿಗೆ ಬರುವಾಗ ಸುರಂಗ ಬಿಟ್ಟು ಮೇಲೇರುತ್ತದೆ. ಮೊದಲು ನ್ಯಾಷನಲ್ ಕಾಲೇಜು ನಿಲ್ದಾಣ, ಆಮೇಲೆ ಲಾಲ್‌ಬಾಗ್, ಅದರಾಚೆ ಸೌತ್ ಎಂಡ್ ವೃತ್ತ. 2017ರ ಜೂನ್‌ನಲ್ಲಿ ಈ ಭಾಗ ತೆರೆದ ಮೇಲೆ ಮಲ್ಲೇಶ್ವರದ ವಿದ್ಯಾರ್ಥಿಗೆ ವಿ.ವಿ. ಪುರದ ಕಾಲೇಜು, ಜಯನಗರದವರಿಗೆ ಚಿಕ್ಕಪೇಟೆಯ ವ್ಯಾಪಾರ, ಸಂಜೆ ಹೊತ್ತು ಎಲ್ಲರಿಗೂ ಸಜ್ಜನರಾವ್ ವೃತ್ತದ ತಿಂಡಿ ಬೀದಿ ಹತ್ತಿರವಾದವು. ಈ ರೈಲು ಬೇಡವಾಗಿತ್ತು ಎನ್ನುವವರು ಇಂದು ಹುಡುಕಿದರೂ ಸಿಗಲಿಕ್ಕಿಲ್ಲ.

ಆದರೆ ಮೊದಲ ಹಂತದ ಸುಮಾರು 42 ಕಿಲೋಮೀಟರ್ ಉದ್ದಕ್ಕೂ ಕಂಬ ನಿಂತ ನೆಲವೆಲ್ಲ, ನಿಲ್ದಾಣದ ಮೆಟ್ಟಿಲು ಇಳಿಯುವ ಜಾಗವೆಲ್ಲ ಸರ್ಕಾರದ್ದಾಗಿರಲಿಲ್ಲ. ಎಷ್ಟೋ ಮನೆ, ಅಂಗಡಿ, ಹಿತ್ತಿಲು ಯೋಜನೆಗೆ ಹೋದವು. ಅವುಗಳನ್ನು ಪಡೆಯಲು ಸರ್ಕಾರ ಹಿಡಿದ ದಾರಿ ಗಮನಿಸುವಂಥದ್ದು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966, ಊರಾಚೆ ಕಾರ್ಖಾನೆಗಳಿಗೆ ಜಾಗ ಮಾಡಿಕೊಡಲೆಂದು ಬಂದ ಕಾನೂನು. ಅದೇ ಕಾನೂನಿನ ಕೈಯಿಂದ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ, ನಗರದ ನಡುವಿನ ವಾಸದ ಮನೆಗಳಿಗೂ ನೋಟಿಸು ಹೋಯಿತು. ಮೂರು ತಲೆಮಾರು ಬಾಳಿದ ಮನೆಯಿರುವ ಬೀದಿ ದಾಖಲೆಯಲ್ಲಿ 'ಕೈಗಾರಿಕಾ ಪ್ರದೇಶ'ವಾಗುತ್ತದೆ ಎಂದರೆ ಮನೆಯವರಿಗೆ ಏನನ್ನಿಸಬಹುದು? ಆ ಮನೆ ಯೋಜನೆಗೆ ನಿಜಕ್ಕೂ ಬೇಕಾಗಿರಬಹುದು. ಬೇಕಾದ್ದನ್ನು ಪಡೆಯಲು ಅದಕ್ಕೆಂದೇ ಇರುವ ದಾರಿಯನ್ನು ಬಿಟ್ಟು ಪಕ್ಕದ ಬಾಗಿಲಿನಿಂದ ಬಂದದ್ದು ಏಕೆ ಎಂಬುದು ಪ್ರಶ್ನೆ.

ಭೂಸ್ವಾಧೀನವೇ ಕೂಡದು ಎಂಬ ವಾದವನ್ನು ಹಳೇ ಬೆಂಗಳೂರಿನವರು ಹೂಡಲಾರರು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಹಬ್ಬಿದಾಗ ಗಾಳಿ ಬೆಳಕಿನ ಹೊಸ ಬಡಾವಣೆಗಳು ಬೇಕೆನಿಸಿ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಅವುಗಳ ಅಗಲ ರಸ್ತೆ, ಸಾಲುಮರಗಳ ಕೆಳಗಿರುವುದು ಯಾರೋ ಉತ್ತು ಬಿತ್ತಿದ ಹೊಲ, ಯಾರದೋ ತೋಟ. ವಿಶ್ವೇಶ್ವರಪುರಂ ಯಾರ ಹೆಸರು ಹೊತ್ತಿದೆಯೋ ಆ ಸರ್ ಎಂ. ವಿಶ್ವೇಶ್ವರಯ್ಯನವರ ಬಹುದೊಡ್ಡ ಕೆಲಸವಾದ ಕೃಷ್ಣರಾಜಸಾಗರಕ್ಕೂ ಊರುಗಳು ಮುಳುಗಿದವು. ಕನ್ನಂಬಾಡಿ ಎಂಬ ಊರು ಇಂದು ಉಳಿದಿರುವುದು ಜನ ಅಣೆಕಟ್ಟನ್ನು ಕರೆಯುವ ಹೆಸರಿನಲ್ಲಿ. ಆ ನೀರಿನಿಂದ ಮಂಡ್ಯದ ಗದ್ದೆಗಳು ಹಸಿರಾದವು, ಬೆಂಗಳೂರು ಇಂದಿಗೂ ಕಾವೇರಿಯನ್ನು ಕುಡಿಯುತ್ತಿದೆ. ಸಾರ್ವಜನಿಕ ಕೆಲಸಕ್ಕೆ ಖಾಸಗಿ ನೆಲ ಬೇಕಾಗುತ್ತದೆ. ಒಬ್ಬ ಮಾಲೀಕ ಒಲ್ಲೆನೆಂದರೆ ರಸ್ತೆ ಸೊಟ್ಟಗಾಗುತ್ತದೆ, ಕಾಲುವೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಕೊನೆಯ ಉಪಾಯವಾಗಿ ಬಲವಂತದ ಅಧಿಕಾರ ರಾಜ್ಯದ ಕೈಯಲ್ಲಿ ಇರಲೇಬೇಕು.

ಆ ಅಧಿಕಾರ ದುರ್ಬಳಕೆಯಾಗುವುದು ಹೇಗೆ ಎಂದು ಕೇಳಿದರೆ ಹೆಚ್ಚಿನವರು ಪರಿಹಾರದ ಮೊತ್ತದತ್ತ ಬೆರಳು ತೋರಿಸುತ್ತಾರೆ. ಕಡಿಮೆ ಬೆಲೆ ಕೊಡುವುದು ಅನ್ಯಾಯವೇ. ಆದರೆ ಬೆಂಗಳೂರಿನ ಸುತ್ತ ಕಳೆದ ನಾಲ್ಕು ದಶಕಗಳಲ್ಲಿ ನಡೆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಅದಕ್ಕಿಂತ ಆಳದ ಗಾಯವೊಂದು ಕಾಣುತ್ತದೆ. ಆ ಗಾಯ ಕಾಲಕ್ಕೆ ಸಂಬಂಧಿಸಿದ್ದು. ಪ್ರಾಥಮಿಕ ಅಧಿಸೂಚನೆ ಹೊರಟ ದಿನದಿಂದ ಕೈಗೆ ದುಡ್ಡು ಬರುವ ದಿನದವರೆಗೆ, ಅಥವಾ ಜಮೀನು ಕೈಬಿಟ್ಟೆವು ಎಂಬ ಕಾಗದ ಬರುವವರೆಗೆ, ಮಾಲೀಕ ತನ್ನ ನೆಲಕ್ಕೆ ಮಾಲೀಕನೂ ಅಲ್ಲ, ನೆಲ ಕಳೆದುಕೊಂಡವನೂ ಅಲ್ಲ. ಮಾರಲು ಹೋದರೆ ಕೊಳ್ಳುವವರಿಲ್ಲ, ಮನೆ ಕಟ್ಟಲು ನಕ್ಷೆಗೆ ಮಂಜೂರಾತಿ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. 'ನೋಟಿಫೈ ಆಗಿದೆ' ಎಂಬ ಎರಡು ಮಾತು ಸಾಕು, ಸಂಬಂಧ ಕುದುರಿಸುವಾಗಲೂ ಆ ಜಮೀನು ಲೆಕ್ಕಕ್ಕೆ ಬರುವುದಿಲ್ಲ. ಈ ಸ್ಥಿತಿಗೆ ಕೊನೆಯ ದಿನಾಂಕವೊಂದನ್ನು ಕಾನೂನು ಗೊತ್ತುಮಾಡದಿರುವುದೇ ಇವತ್ತಿನ ಮುಖ್ಯ ದುರ್ಬಳಕೆ.

ಇದಕ್ಕೆ ತಕ್ಕ ಉದಾಹರಣೆ ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ಕೊಟ್ಟ ತೀರ್ಪಿನಲ್ಲಿದೆ. ಬೆಂಗಳೂರು ದಕ್ಷಿಣದಲ್ಲಿ 1995ರಿಂದ 1997ರ ನಡುವೆ ಕೆಲವರು ಮನೆ ಕಟ್ಟಿಕೊಳ್ಳಲೆಂದು ನಿವೇಶನ ಕೊಂಡಿದ್ದರು. 2003ರಲ್ಲಿ ಬೆಂಗಳೂರು–ಮೈಸೂರು ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಯೋಜನೆಗಾಗಿ ಕೆಐಎಡಿಬಿ ಅಧಿಸೂಚನೆ ಹೊರಡಿಸಿತು. 2005ರಲ್ಲಿ ಜಾಗ ವಶವಾಯಿತು. ಪರಿಹಾರ ಗೊತ್ತುಮಾಡುವ ಅವಾರ್ಡ್ ಮಾತ್ರ ಬರಲೇ ಇಲ್ಲ. ಮಾಲೀಕರು ಹೈಕೋರ್ಟಿಗೆ ಹೋದರು, ಆದೇಶ ಪಡೆದರು, ಆದೇಶ ಜಾರಿಯಾಗದೆ ನ್ಯಾಯಾಂಗ ನಿಂದನೆಯ ಪ್ರಕರಣವನ್ನೂ ಹೂಡಬೇಕಾಯಿತು. ಕೊನೆಗೆ 2019ರ ಏಪ್ರಿಲ್‌ನಲ್ಲಿ ಅವಾರ್ಡ್ ಬಂತು. ಅದರಲ್ಲಿ ಲೆಕ್ಕ ಹಾಕಿದ್ದು 2011ರ ಮಾರ್ಗಸೂಚಿ ದರದಲ್ಲಿ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, 2019ರ ಮಾರುಕಟ್ಟೆ ಬೆಲೆಯ ಮೇಲೆ ಪರಿಹಾರ ಲೆಕ್ಕಹಾಕುವಂತೆ ಹೇಳಿತು. ಮಾಲೀಕರಿಂದ ಒಂದು ತಪ್ಪೂ ಆಗಿರಲಿಲ್ಲ, ವಿಳಂಬವೆಲ್ಲ ಅಧಿಕಾರಿಗಳದ್ದೇ ಎಂದು ಪೀಠ ಕಂಡುಕೊಂಡಿತು. ಅಂದಿನ ರೂಪಾಯಿ ಕೊಳ್ಳುತ್ತಿದ್ದುದನ್ನು ಇಂದಿನ ರೂಪಾಯಿ ಕೊಳ್ಳಲಾರದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಈ ತೀರ್ಪು ಸಮಾಧಾನ ತರುವಂಥದ್ದೇ. ಆದರೂ ಯೋಚಿಸಬೇಕು. ಒಂದು ಸಾಮಾನ್ಯ ಸೈಟಿಗೆ ನ್ಯಾಯ ಸಿಗಲು ದೇಶದ ಅತ್ಯುನ್ನತ ನ್ಯಾಯಾಲಯ ತನ್ನ ಅಸಾಧಾರಣ ಅಧಿಕಾರವನ್ನೇ ಬಳಸಬೇಕಾಯಿತು. ಅಲ್ಲಿಯವರೆಗೆ ಹೋಗಲು ಎಲ್ಲರಿಗೂ ವಕೀಲರ ಫೀಜು, ಆರೋಗ್ಯ, ಆಯಸ್ಸು ಇರುವುದಿಲ್ಲ. ನಿವೃತ್ತಿಯ ಹಣದಲ್ಲಿ ಮನೆ ಕಟ್ಟುವ ಕನಸು ಕಂಡವರಿಗೆ ಇಪ್ಪತ್ತೆರಡು ವರ್ಷ ಎಂದರೆ ಕನಸಿನ ವಯಸ್ಸೇ ಮುಗಿದುಹೋಗುವಷ್ಟು ಕಾಲ.

ವಿಳಂಬ ಇಷ್ಟು ಸಲೀಸಾಗಿ ನಡೆಯಲು ಕಾರಣ ಕಾನೂನಿನ ರಚನೆಯಲ್ಲೇ ಇದೆ. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ ಸಂಸತ್ತು 2013ರಲ್ಲಿ ಹೊಸ ಕಾಯ್ದೆ ತಂದಿತು. 2014ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಖಾಸಗಿ ಕಂಪನಿಗಳಿಗೆ ನೆಲ ಬೇಕಾದರೆ ಬಾಧಿತರಲ್ಲಿ ಶೇ. 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಶೇ. 70ರಷ್ಟು ಒಪ್ಪಿಗೆ ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಮಾರುಕಟ್ಟೆ ಬೆಲೆಯ ಮೇಲೆ ಶೇ. 100ರಷ್ಟು ಸಾಂತ್ವನ ಧನ ಕೊಡಬೇಕು. ಪ್ರಾಥಮಿಕ ಅಧಿಸೂಚನೆಯಿಂದ ಅಂತಿಮ ಘೋಷಣೆಗೆ ಹನ್ನೆರಡು ತಿಂಗಳು, ಘೋಷಣೆಯಿಂದ ಅವಾರ್ಡಿಗೆ ಇನ್ನೊಂದು ಹನ್ನೆರಡು ತಿಂಗಳು. ಗಡುವು ಮೀರಿದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ. ನಗರದ ಬಾಡಿಗೆದಾರರನ್ನೂ ಈ ಕಾಯ್ದೆ ಮರೆತಿಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲೇ ವಾಸವಿದ್ದವರು, ಆ ಜಾಗವನ್ನೇ ಜೀವನೋಪಾಯಕ್ಕೆ ನಂಬಿದವರು ಬಾಧಿತ ಕುಟುಂಬಗಳ ಪಟ್ಟಿಗೆ ಸೇರುತ್ತಾರೆ. ವಿಶ್ವೇಶ್ವರಪುರಂನಂಥ ಕಡೆ, ಒಂದೇ ಕಟ್ಟಡದಲ್ಲಿ ಕೆಳಗೆ ಬೇಕರಿ, ಮೇಲೆ ಟ್ಯೂಷನ್ ತರಗತಿ, ಹಿಂದೆ ಬಾಡಿಗೆ ಸಂಸಾರ ಇರುವಲ್ಲಿ, ಇದು ಸಣ್ಣ ಮಾತಲ್ಲ.

ಆದರೆ ಬೆಂಗಳೂರಿನಲ್ಲಿ ನೆಲ ಹೆಚ್ಚಾಗಿ ಹೋಗುವುದು ಈ ಹೆಬ್ಬಾಗಿಲಿನಿಂದಲ್ಲ. ಬಡಾವಣೆ, ರಿಂಗ್ ರಸ್ತೆಗಳಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಾಯ್ದೆ, 1976. ಉಳಿದ ಬಹುತೇಕ ಯೋಜನೆಗಳಿಗೆ ಕೆಐಎಡಿಬಿ ಕಾಯ್ದೆ, 1966. ಎರಡೂ ರಾಜ್ಯದ ಕಾನೂನುಗಳು, ಎರಡೂ ಪರಿಹಾರದ ವಿಷಯಕ್ಕೆ ರದ್ದಾದ 1894ರ ಕಾಯ್ದೆಯನ್ನೇ ಆಧರಿಸಿವೆ. ಹಳೆಯ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಅವಾರ್ಡ್ ಆಗದಿದ್ದರೆ ಸ್ವಾಧೀನ ರದ್ದಾಗುವ ನಿಯಮವಿತ್ತು. ಅದು ಬಿಡಿಎ ಮತ್ತು ಕೆಐಎಡಿಬಿ ಸ್ವಾಧೀನಗಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಎರಡು ತೀರ್ಪುಗಳಲ್ಲಿ ಹೇಳಿತು. 2013ರ ಕಾಯ್ದೆಯಲ್ಲಿರುವ ರದ್ದತಿಯ ನಿಯಮವೂ ಕೆಐಎಡಿಬಿಗೆ ಅನ್ವಯಿಸದೆಂದು 2017ರಲ್ಲಿ, ಬಿಡಿಎಗೆ ಅನ್ವಯಿಸದೆಂದು 2022ರಲ್ಲಿ ತೀರ್ಮಾನವಾಯಿತು. ಕಾನೂನನ್ನು ಅದು ಇದ್ದಂತೆ ಓದುವುದು ನ್ಯಾಯಾಲಯದ ಕೆಲಸ, ಅದನ್ನು ತಿದ್ದುವುದು ಶಾಸಕಾಂಗದ ಕೆಲಸ. ಕರ್ನಾಟಕದ ಶಾಸಕಾಂಗ ತಿದ್ದಿದ್ದು ಬೇರೆ ದಿಕ್ಕಿನಲ್ಲಿ: 2019ರಲ್ಲಿ 2013ರ ಕಾಯ್ದೆಗೇ ತಿದ್ದುಪಡಿ ತಂದು, ಕೈಗಾರಿಕಾ ಕಾರಿಡಾರ್ ಮತ್ತು ಮೂಲಸೌಕರ್ಯದಂಥ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಕೊಡಲು ದಾರಿ ಮಾಡಿಕೊಂಡಿತು.

ಹೀಗೆ ಒಂದೇ ಊರಿನ ಇಬ್ಬರು ನೆರೆಹೊರೆಯವರಲ್ಲಿ ಒಬ್ಬರ ಜಮೀನು ಕೇಂದ್ರದ ಕಾಯ್ದೆಯಡಿ ಹೋದರೆ ಒಪ್ಪಿಗೆ, ಗಡುವು, ಪುನರ್ವಸತಿಯ ಹಕ್ಕು ಅವರಿಗುಂಟು. ಇನ್ನೊಬ್ಬರದು ರಾಜ್ಯದ ಕಾಯ್ದೆಯಡಿ ಹೋದರೆ ಅವು ಯಾವುವೂ ಹಕ್ಕಾಗಿ ಸಿಗವು. ಯಾವ ಕಾಯ್ದೆಯಡಿ ತೆಗೆದುಕೊಳ್ಳಬೇಕೆಂದು ಆರಿಸುವುದು ತೆಗೆದುಕೊಳ್ಳುವವರೇ. ಸರ್ಕಾರ ಮನಸ್ಸು ಮಾಡಿ ಕೆಲವು ಯೋಜನೆಗಳಿಗೆ ಹೆಚ್ಚಿನ ದರ ಕೊಡಬಹುದು. ಅದು ಆದೇಶದ ಮೇಲೆ ನಿಂತ ಔದಾರ್ಯವಾದ್ದರಿಂದ ನಾಳೆ ಇನ್ನೊಂದು ಆದೇಶಕ್ಕೆ ಬದಲಾಗಬಲ್ಲದು.

ಡಾ. ಕೆ. ಶಿವರಾಮ ಕಾರಂತರ ಹೆಸರಿನ ಬಡಾವಣೆಯ ಕಥೆ ಗಡುವಿಲ್ಲದ ಕಾನೂನು ತರುವ ಸಂಕಟಕ್ಕೆ ಸಾಕ್ಷಿ. ನಗರದ ಉತ್ತರಕ್ಕೆ 17 ಹಳ್ಳಿಗಳ 3,546 ಎಕರೆಗೆ ಬಿಡಿಎ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್ 30ರಂದು. ಅಂತಿಮ ಅಧಿಸೂಚನೆ ವರ್ಷಗಟ್ಟಲೆ ಬರಲಿಲ್ಲ. ಹೈಕೋರ್ಟ್ ಅಧಿಸೂಚನೆಯನ್ನು ರದ್ದುಪಡಿಸಿತು. ಆ ನಡುವೆ ಜನ ಸೈಟು ಕೊಂಡರು, ಮನೆ ಕಟ್ಟಿದರು, ಗೃಹಪ್ರವೇಶ ಮಾಡಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ ಬಡಾವಣೆ ಮುಂದುವರಿಸಲು ಹೇಳಿತು. ಜಮೀನುಗಳನ್ನು ಯೋಜನೆಯಿಂದ ಹೊರಗಿಡಲು ನಡೆದ ಯತ್ನಗಳನ್ನು ಕಂಡು ನ್ಯಾಯಾಲಯ ಕಟುವಾಗಿಯೇ ಮಾತಾಡಿತ್ತು. ಹತ್ತು ವರ್ಷ ನೆನೆಗುದಿಗೆ ಬಿದ್ದ ಯೋಜನೆ ಒಂದೇ ದಿನ ಜೀವ ಪಡೆದಾಗ, ಸಾಲ ಮಾಡಿ ಮನೆ ಕಟ್ಟಿದವರ ಎದೆ ಒಡೆಯಿತು. ಆ ತೀರ್ಪಿಗೆ ಮುಂಚೆ ಕಟ್ಟಿದ ಕಟ್ಟಡಗಳನ್ನು ಪರಿಶೀಲಿಸಲು 2020ರ ಕೊನೆಯಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ನೇಮಕವಾಗಿ, ಸಾವಿರಾರು ಮನೆಗಳು ಕಾಗದಪತ್ರ ಹಿಡಿದು ತಮ್ಮ ಸಾಚಾತನ ಸಾಬೀತು ಮಾಡಬೇಕಾಯಿತು. ಪ್ರಾಥಮಿಕ ಅಧಿಸೂಚನೆ ಒಂದು ವರ್ಷದೊಳಗೆ ಅಂತಿಮವಾಗಬೇಕು, ಇಲ್ಲವಾದರೆ ತಾನಾಗಿ ಬೀಳಬೇಕು ಎಂಬ ಒಂದು ಸಾಲು ಬಿಡಿಎ ಕಾಯ್ದೆಯಲ್ಲಿದ್ದಿದ್ದರೆ ಈ ಸಂಕಟದ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ.

ಪೆರಿಫೆರಲ್ ರಿಂಗ್ ರಸ್ತೆಯದು ಇನ್ನೂ ಉದ್ದನೆಯ ಕಾಯುವಿಕೆ. 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆ, ಸುಮಾರು 1,810 ಎಕರೆ. ಸರ್ಕಾರಗಳು ಬದಲಾದವು, ಟೆಂಡರುಗಳು ಬಂದು ಹೋದವು, ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂಬ ಹೊಸ ಹೆಸರೂ ಬಂದಿದೆ. ರಸ್ತೆಯ ಗುರುತಿನಡಿ ಬಂದ ರೈತರ ಮಕ್ಕಳು ಬೆಳೆದು ದೊಡ್ಡವರಾದರು. ಪಹಣಿಯಲ್ಲಿ ಹೆಸರಿದೆ, ಆದರೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಒಂದು ಗುಂಟೆ ಮಾರುವ ಸ್ವಾತಂತ್ರ್ಯವಿಲ್ಲ. ಕೊಡುವುದಾದರೆ 2013ರ ಕಾಯ್ದೆಯ ಪ್ರಕಾರ ಕೊಡಿ, ಇಲ್ಲವೇ ನಮ್ಮ ನೆಲ ನಮಗೆ ಬಿಡಿ ಎಂಬ ಅವರ ಬೇಡಿಕೆಯಲ್ಲಿ ಅತಿಯಾಸೆಯ ಸುಳಿವೂ ಇಲ್ಲ.

ಕಾಲದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಉದ್ದೇಶದ್ದು. 1981ರಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಬಳಿಯ ಕೋಡಿಹಳ್ಳಿ ಸುತ್ತ 39 ಎಕರೆಗೂ ಹೆಚ್ಚು ನೆಲವನ್ನು ಗಾಲ್ಫ್ ಮೈದಾನ ಮತ್ತು ಹೋಟೆಲ್ ಕಟ್ಟಲು ರಾಜ್ಯದ ಪ್ರವಾಸೋದ್ಯಮ ನಿಗಮಕ್ಕೆಂದು ಸ್ವಾಧೀನಕ್ಕೆ ಎತ್ತಿಕೊಳ್ಳಲಾಯಿತು. ಪರಿಹಾರ ಕೊಡಲು ನಿಗಮದ ಬಳಿ ಹಣವಿರಲಿಲ್ಲ. ಹಣ ಹಾಕಲು ಖಾಸಗಿಯವರು ಮುಂದೆ ಬಂದರು, ನೆಲ ಅವರ ಕೈಗೆ ಜಾರಿತು. ಸಾರ್ವಜನಿಕ ಉದ್ದೇಶಕ್ಕೆಂದು ರೈತರಿಂದ ಕಿತ್ತುಕೊಂಡ ಭೂಮಿ ಖಾಸಗಿ ಲಾಭದ ದಾರಿ ಹಿಡಿದದ್ದು ಅಧಿಕಾರಕ್ಕೆ ಎಸಗಿದ ವಂಚನೆ ಎಂದು ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ರಾಯಲ್ ಆರ್ಕಿಡ್ ಹೋಟೆಲ್ಸ್ ಪ್ರಕರಣದಲ್ಲಿ ತೀರ್ಪಿತ್ತು, ನೆಲವನ್ನು ಮಾಲೀಕರಿಗೆ ಮರಳಿಸುವ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಆ ತೀರ್ಪು ಬರುವಷ್ಟರಲ್ಲಿ ಮೊದಲ ಅಧಿಸೂಚನೆಗೆ ಮೂವತ್ತು ವರ್ಷ ತುಂಬುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಆಡಳಿತ ಮನೆಗಳನ್ನು ಕೆಡವಿ ಆ ಜಾಗವನ್ನು ಖಾಸಗಿ ಅಭಿವೃದ್ಧಿಗೆ ಕೊಡಲು ಹೊರಟಿತು. ಪಕ್ಕದಲ್ಲಿ ಬಂದಿದ್ದ ಔಷಧ ಕಂಪನಿಯೊಂದರ ಸಂಶೋಧನಾ ಕೇಂದ್ರದಿಂದ ಊರಿಗೆ ಉದ್ಯೋಗ, ತೆರಿಗೆ ಬರುವುದೆಂಬುದು ಅದರ ಲೆಕ್ಕ. ಸೂಸೆಟ್ ಕೀಲೋ ಎಂಬ ಮಹಿಳೆ ಮತ್ತು ನೆರೆಯವರು ಹೂಡಿದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಊರಿನ ಆಡಳಿತದ ಪರ ನಿಂತಿತು. ಕೆಲವೇ ವರ್ಷಗಳಲ್ಲಿ ಕಂಪನಿ ಅಲ್ಲಿಂದ ಹೊರಟುಹೋಯಿತು, ಮನೆಗಳಿದ್ದ ನೆಲ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಅಲ್ಲಿನ ಜನ ಕೋರ್ಟಿನಲ್ಲಿ ಸೋತದ್ದನ್ನು ಶಾಸನಸಭೆಗಳಲ್ಲಿ ಗೆದ್ದರು. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಂದಲ್ಲ ಒಂದು ಬಗೆಯಲ್ಲಿ ತಮ್ಮ ಕಾನೂನು ಬಿಗಿ ಮಾಡಿಕೊಂಡವು. ಕರ್ನಾಟಕಕ್ಕೆ ಇದರಲ್ಲಿ ಕಲಿಯುವುದಿದೆ. ಒಂದೊಂದೇ ಸೈಟಿಗೆ ಕೋರ್ಟಿನಲ್ಲಿ ಪರಿಹಾರ ಹುಡುಕುತ್ತ ಕೂರುವುದಕ್ಕಿಂತ ಕಾನೂನನ್ನೇ ಸರಿಪಡಿಸುವುದು ಎಲ್ಲರನ್ನೂ ಕಾಯುತ್ತದೆ.

ಬಲವಂತದ ಅಧಿಕಾರಕ್ಕೆ ಇನ್ನೊಂದು ಮುಖ ಡಿನೋಟಿಫಿಕೇಶನ್, ಅಂದರೆ ಅಧಿಸೂಚನೆಯಿಂದ ಜಮೀನನ್ನು ಕೈಬಿಡುವುದು. ತೆಗೆದುಕೊಳ್ಳುವ ಕೈಯೇ ಬಿಡುವ ಕೈಯೂ ಆದಾಗ ಪ್ರಭಾವಕ್ಕೆ ದಾರಿ ತೆರೆಯುತ್ತದೆ. ಅರ್ಕಾವತಿ ಬಡಾವಣೆಗೆ 2003ರಲ್ಲಿ 16 ಹಳ್ಳಿಗಳ 3,339 ಎಕರೆಗೆ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಟಿತು. ಯಾರ ಜಮೀನು ಉಳಿಯಿತು, ಯಾರದು ಹೋಯಿತು ಎಂಬ ತಾರತಮ್ಯದ ದೂರುಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 2010ರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು, ಪಕ್ಕದ ಅಂಥದೇ ಜಮೀನು ಬಿಟ್ಟಿದ್ದರೆ ತನ್ನದನ್ನೂ ಬಿಡುವಂತೆ ಕೇಳಲು ಮಾಲೀಕನಿಗೆ ಅವಕಾಶ ಕೊಟ್ಟಿತು. ಸರಿಯಾದ ಸರ್ವೆ ಇಲ್ಲದೆ ಸ್ವಾಧೀನಕ್ಕೆ ಇಳಿಯುವುದು, ಬೇಕಾದ್ದಕ್ಕಿಂತ ಹೆಚ್ಚು ನೆಲಕ್ಕೆ ಅಧಿಸೂಚನೆ ಹೊರಡಿಸಿ ಆಮೇಲೆ ಆರಿಸಿ ಬಿಡುವುದು, ಪರಿಹಾರ ತಡಮಾಡುವುದು ಇವೆಲ್ಲ ದೇಶದ ಉದ್ದಗಲಕ್ಕೂ ಕೇಳಿಬರುವ ದೂರುಗಳೆಂದು ಅದೇ ತೀರ್ಪು ಪಟ್ಟಿ ಮಾಡಿತು. ಅದಾದ ಮೇಲೂ ಅರ್ಕಾವತಿಯ ಡಿನೋಟಿಫಿಕೇಶನ್ ವಿವಾದ ತಣ್ಣಗಾಗದೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗವನ್ನು ನೇಮಿಸಬೇಕಾಯಿತು. ಪ್ರಭಾವವಿರುವವನಿಗೆ ಅಧಿಸೂಚನೆ ಒಂದು ತಾತ್ಕಾಲಿಕ ಕಿರಿಕಿರಿ. ಇಲ್ಲದವನಿಗೆ ಅದು ಇಡೀ ಬದುಕನ್ನೇ ಕಟ್ಟಿಹಾಕುವ ಹಗ್ಗ.

ಆಸ್ತಿ ಹಕ್ಕಿನ ಪರ ಮಾತಾಡುವಾಗ ಒಂದು ಆಕ್ಷೇಪ ಬಂದೇ ಬರುತ್ತದೆ. ಇದು ಉಳ್ಳವರ ಹಕ್ಕು, ಇದನ್ನು ಬಲಪಡಿಸಿದರೆ ಸಾರ್ವಜನಿಕ ಕೆಲಸಗಳ ಖರ್ಚು ಏರುತ್ತದೆ, ಬಡವರ ಬಸ್ಸು ರೈಲು ತಡವಾಗುತ್ತವೆ ಎಂಬುದು ಅದು. ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜಮೀನ್ದಾರಿ ಒಡೆಯಲು, ಗೇಣಿದಾರನಿಗೆ ನೆಲ ಕೊಡಿಸಲು ರಾಜ್ಯಕ್ಕೆ ಅಧಿಕಾರ ಬೇಕಿತ್ತು. ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿದ 1978ರ 44ನೇ ತಿದ್ದುಪಡಿಗೆ ದಶಕಗಳ ಆ ಹೋರಾಟದ ಹಿನ್ನೆಲೆಯಿತ್ತು. ಸಮುದಾಯದ ಸಂಪನ್ಮೂಲದ ವ್ಯಾಪ್ತಿಯಲ್ಲಿ ಖಾಸಗಿ ಆಸ್ತಿಯನ್ನೂ ಸೇರಿಸಿದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪ್ರಸಿದ್ಧ ಅಭಿಪ್ರಾಯ ಹುಟ್ಟಿದ್ದೂ ಕರ್ನಾಟಕದ ಪ್ರಕರಣದಲ್ಲೇ: ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನು ರಾಜ್ಯ ವಶಪಡಿಸಿಕೊಂಡ ಕಾಯ್ದೆಯ ಕುರಿತ 1977ರ ರಂಗನಾಥ ರೆಡ್ಡಿ ಪ್ರಕರಣ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಾಗದು ಎಂದು ಬಹುಮತದಿಂದ ಹೇಳಿ ಆ ವಿಶಾಲ ಓದನ್ನು ಕೈಬಿಟ್ಟಿತು.

ಬೆಂಗಳೂರಿನ ಇನ್ನೊಂದು ಪ್ರಕರಣವೂ ಈ ಚರ್ಚೆಯಲ್ಲಿ ದೊಡ್ಡದು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಚಿತ್ರನಟಿ ದೇವಿಕಾರಾಣಿ ಮತ್ತು ಕಲಾವಿದ ಸ್ವೆತೊಸ್ಲಾವ್ ರೋರಿಕ್ ಬಾಳಿದ ಎಸ್ಟೇಟನ್ನು ರಾಜ್ಯ 1996ರ ಕಾಯ್ದೆಯೊಂದರ ಮೂಲಕ ಪಡೆಯಿತು. ಸಂವಿಧಾನ ಪೀಠ 2011ರಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, 300ಎ ವಿಧಿಯಡಿ ಆಸ್ತಿ ತೆಗೆದುಕೊಳ್ಳಲು ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರದ ಹಕ್ಕೂ ಅದರೊಳಗೇ ಅಡಗಿದೆ, ಕೊಡುವ ಮೊತ್ತ ಕಣ್ಣೊರೆಸುವಂಥದ್ದಾಗಿರಬಾರದು ಎಂದು ಸ್ಪಷ್ಟಪಡಿಸಿತು. ಸಾರ್ವಜನಿಕ ಹಿತ ಮತ್ತು ಮಾಲೀಕನ ಹಕ್ಕು ಎರಡನ್ನೂ ಒಟ್ಟಿಗೆ ಕಾಯಬಹುದೆಂಬುದಕ್ಕೆ ಈ ತೀರ್ಪೇ ಆಧಾರ.

ಖರ್ಚಿನ ವಾದಕ್ಕೆ ಉತ್ತರ ಅರಮನೆ ಮೈದಾನದಲ್ಲಿದೆ. 1996ರದೇ ಇನ್ನೊಂದು ಕಾಯ್ದೆ ಬೆಂಗಳೂರು ಅರಮನೆಯ 472 ಎಕರೆಗೆ ಒಟ್ಟಾರೆ 11 ಕೋಟಿ ರೂಪಾಯಿ ಗೊತ್ತುಮಾಡಿತು. ಆ ಕಾಯ್ದೆಯ ಸಿಂಧುತ್ವದ ಪ್ರಶ್ನೆ ದಶಕಗಳ ಕಾಲ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗದೆ ನಿಂತಿತು. ಈ ನಡುವೆ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆ ಅಗಲ ಮಾಡಲು ಅದೇ ಮೈದಾನದ 15 ಎಕರೆಗೂ ಹೆಚ್ಚು ನೆಲ ಬೇಕಾದಾಗ, ಅದಕ್ಕೆ ಕೊಡಬೇಕಾದ ವರ್ಗಾವಣೆ ಮಾಡಬಲ್ಲ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್ ಮೌಲ್ಯ ಮೂರು ಸಾವಿರ ಕೋಟಿ ದಾಟಿತು. ದಂಗಾದ ಸರ್ಕಾರ 2025ರಲ್ಲಿ ಹೊಸ ಶಾಸನಕ್ಕೇ ಕೈಹಾಕಿತು. ಪೆರಿಫೆರಲ್ ರಿಂಗ್ ರಸ್ತೆಯಲ್ಲೂ ಇದೇ ಆಯಿತು. ಯೋಜನೆಯ ಅಂದಾಜು 27 ಸಾವಿರ ಕೋಟಿ ರೂಪಾಯಿಯವರೆಗೆ ಏರಿದಾಗ ಅದರ ಬಹುಪಾಲು ಭೂಮಿಯದ್ದೇ ಆಗಿತ್ತು. 2007ರಲ್ಲೇ ಹಣ ಕೊಟ್ಟು ನೆಲ ಪಡೆದಿದ್ದರೆ ಈ ಹೊರೆ ಬೀಳುತ್ತಿರಲಿಲ್ಲ. ಆದ್ದರಿಂದ ಗಡುವು ಮಾಲೀಕನಿಗಷ್ಟೇ ರಕ್ಷಣೆ ಎಂದುಕೊಳ್ಳುವುದು ತಪ್ಪು. ತೆರಿಗೆ ಕಟ್ಟುವವರ ಬೊಕ್ಕಸವನ್ನೂ ಅದು ಕಾಯುತ್ತದೆ.

ಇನ್ನು ಉಳ್ಳವರ ಹಕ್ಕು ಎಂಬ ಮಾತು. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ವೈಮಾನಿಕ ಉದ್ಯಮಗಳಿಗೆಂದು 1,777 ಎಕರೆಗೆ ಕೆಐಎಡಿಬಿ ಅಧಿಸೂಚನೆ ಬಂದಾಗ 2022ರ ಏಪ್ರಿಲ್‌ನಲ್ಲಿ ಧರಣಿಗೆ ಕೂತವರಲ್ಲಿ ಹೆಚ್ಚಿನವರು ತುಂಡು ಭೂಮಿಯ ರೈತರು. ರಾಗಿ, ತರಕಾರಿ, ದ್ರಾಕ್ಷಿ ಬೆಳೆದು, ಹಾಲು ಹಾಕಿ ಸಂಸಾರ ತೂಗಿಸುವವರು, ಅವರಲ್ಲಿ ದಲಿತ ಕುಟುಂಬಗಳೂ ಅನೇಕ. ಮೂರು ವರ್ಷ ದಾಟಿದ ಹೋರಾಟದ ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಇಷ್ಟವಿದ್ದವರು ಹೆಚ್ಚಿನ ಬೆಲೆಗೆ ಜಮೀನು ಕೊಡಬಹುದು, ಇಷ್ಟವಿಲ್ಲದವರನ್ನು ಬಲವಂತ ಮಾಡುವುದಿಲ್ಲ ಎಂದರು. 2013ರ ಕಾಯ್ದೆಯ ಒಪ್ಪಿಗೆಯ ನಿಯಮ ಕೆಐಎಡಿಬಿಗೂ ಅನ್ವಯಿಸುತ್ತಿದ್ದರೆ ಆ ಮಾತನ್ನು ಮೊದಲ ದಿನವೇ ಆಡಬೇಕಾಗುತ್ತಿತ್ತು. ಮಳೆ ಬಿಸಿಲೆನ್ನದೆ ರೈತರು ವರ್ಷಗಟ್ಟಲೆ ಧರಣಿ ಕೂರುವ ಪ್ರಮೇಯ ಬರುತ್ತಿರಲಿಲ್ಲ.

ಏನು ಬೇಕು ಎಂಬುದನ್ನು ನ್ಯಾಯಾಲಯವೇ ಒಪ್ಪವಾಗಿ ಹೇಳಿದೆ. ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2024ರ ಮೇ 16ರಂದು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಬರೆದ ತೀರ್ಪು 300ಎ ವಿಧಿಯೊಳಗೆ ಏಳು ಹಕ್ಕುಗಳನ್ನು ಗುರುತಿಸಿತು: ಮುಂಚಿತವಾಗಿ ತಿಳಿಸಬೇಕು, ಆಕ್ಷೇಪ ಕೇಳಬೇಕು, ಕಾರಣ ಕೊಟ್ಟು ತೀರ್ಮಾನಿಸಬೇಕು, ಉದ್ದೇಶ ಸಾರ್ವಜನಿಕವೇ ಆಗಿರಬೇಕು, ನ್ಯಾಯವಾದ ಪರಿಹಾರ ಸಿಗಬೇಕು, ಪ್ರಕ್ರಿಯೆ ನಿಗದಿತ ಕಾಲದಲ್ಲಿ ದಕ್ಷವಾಗಿ ನಡೆಯಬೇಕು, ಮತ್ತು ಅದು ಮುಗಿದು ನೆಲ ಕಾನೂನುಬದ್ಧವಾಗಿ ಕೈಬದಲಾಗಬೇಕು. ಪರಿಹಾರ ಕೊಟ್ಟ ಮಾತ್ರಕ್ಕೆ ಉಳಿದ ಆರನ್ನು ಮರೆಯುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಇವುಗಳನ್ನು ಕರ್ನಾಟಕದ ಕಾನೂನಿಗೆ ತರಲು ಹೊಸ ಮಹಾಕಾಯ್ದೆಯೇನೂ ಬೇಕಿಲ್ಲ. ಬಿಡಿಎ ಕಾಯ್ದೆಯ 36ನೇ ಸೆಕ್ಷನ್, ಕೆಐಎಡಿಬಿ ಕಾಯ್ದೆಯ 30ನೇ ಸೆಕ್ಷನ್ ಇಂದಿಗೂ ಹಿಡಿದುಕೊಂಡಿರುವ 1894ರ ಕಾಯ್ದೆಯ ಜಾಗದಲ್ಲಿ 2013ರ ಕಾಯ್ದೆಯನ್ನು ಇಟ್ಟರೆ ಪರಿಹಾರ ಮತ್ತು ಪುನರ್ವಸತಿಯ ತಾರತಮ್ಯ ಹೋಗುತ್ತದೆ. ಎರಡೂ ಕಾಯ್ದೆಗಳಿಗೆ ಗಡುವಿನ ಒಂದೊಂದು ಸೆಕ್ಷನ್ ಸೇರಬೇಕು. ಒಂದು ವರ್ಷದಲ್ಲಿ ಅಂತಿಮ ಅಧಿಸೂಚನೆ, ಇನ್ನೊಂದು ವರ್ಷದಲ್ಲಿ ಅವಾರ್ಡ್ ಆಗದಿದ್ದರೆ ಸ್ವಾಧೀನ ಬೀಳಬೇಕು, ಪಹಣಿ ಮತ್ತು ಖಾತೆಯಿಂದ ಸ್ವಾಧೀನದ ಷರಾವನ್ನು ತೆಗೆಯುವ ಹೊಣೆ ಕಚೇರಿಯದ್ದೇ ಆಗಬೇಕು, ಮಾಲೀಕ ಅರ್ಜಿ ಹಿಡಿದು ಅಲೆಯುವಂತಾಗಬಾರದು. ಹಣ ಖಾತೆಗೆ ಬೀಳುವವರೆಗೆ ಜಾಗದ ವಶ ಪಡೆಯಕೂಡದು. ಹೇಳಿದ ಉದ್ದೇಶಕ್ಕೆ ಐದು ವರ್ಷದಲ್ಲಿ ಬಳಸದ ನೆಲವನ್ನು ಮಾಲೀಕನಿಗೋ ವಾರಸುದಾರರಿಗೋ ಮರಳಿಸಬೇಕು. 2013ರ ಕಾಯ್ದೆಯ 101ನೇ ಸೆಕ್ಷನ್ ಅಂಥ ನೆಲವನ್ನು ಸರ್ಕಾರದ ಭೂ ಬ್ಯಾಂಕಿಗೆ ಸೇರಿಸಲೂ ಬಿಡುವುದರಿಂದ, ರಾಜ್ಯದ ಕಾನೂನಿನಲ್ಲಿ ಮಾಲೀಕನ ಹಕ್ಕು ಮೊದಲು ಎಂದು ಬರೆಯಬೇಕು. ಡಿನೋಟಿಫಿಕೇಶನ್ ಅರ್ಜಿಗಳೆಲ್ಲ ಒಂದೇ ಮಾನದಂಡದಡಿ ಬಹಿರಂಗ ವಿಚಾರಣೆಗೆ ಬರಬೇಕು, ಪ್ರತಿ ಆದೇಶದ ಕಾರಣವೂ ಸಾರ್ವಜನಿಕರ ಕಣ್ಣಿಗೆ ಬೀಳಬೇಕು.

ಈ ತಿದ್ದುಪಡಿಗಳಿಗೆ ಇದಕ್ಕಿಂತ ತಕ್ಕ ಸಮಯ ಸಿಗಲಿಕ್ಕಿಲ್ಲ. ಮೆಟ್ರೊ ಮೂರನೇ ಹಂತದ 44.65 ಕಿಲೋಮೀಟರ್ ಮಾರ್ಗಗಳಿಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ಸುರಂಗ ರಸ್ತೆಯ ಪ್ರಸ್ತಾಪ ಮುಂದಿದೆ. ನಗರದ ಆಡಳಿತವೇ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳ ಹೊಸ ರೂಪಕ್ಕೆ ಹೊರಳಿದೆ. ಮುಂದಿನ ಹತ್ತು ವರ್ಷಗಳಲ್ಲಿ ನೋಟಿಸು ತಲುಪಲಿರುವ ಮನೆ, ಅಂಗಡಿ, ಹೊಲಗಳು ಇವತ್ತು ಯಾವ ಪಟ್ಟಿಯಲ್ಲೂ ಇಲ್ಲ. ಯಾರದು ಹೋಗುತ್ತದೆ, ಯಾರದು ಉಳಿಯುತ್ತದೆ ಎಂದು ಗೊತ್ತಿಲ್ಲದ ಈ ಹೊತ್ತಿನಲ್ಲೇ ಎಲ್ಲರಿಗೂ ಒಪ್ಪುವ ನಿಯಮ ಬರೆಯುವುದು ಸಾಧ್ಯ. ಮೊದಲ ನೋಟಿಸು ಬಾಗಿಲಿಗೆ ಬರುವ ಮುಂಚೆ ಆ ನಿಯಮವನ್ನು ವಿಧಾನಮಂಡಲದ ಮುಂದಿಡಬೇಕೆಂದು ಬೆಂಗಳೂರಿನ ಶಾಸಕರನ್ನು, ಪಕ್ಷ ಯಾವುದೇ ಇರಲಿ, ಅವರವರ ಕ್ಷೇತ್ರದ ಮತದಾರರು ಒತ್ತಾಯಿಸಬೇಕು.